ಮಸ್ಕತ್‌ಗೆ ಬುರ್ಖಾ ಹೊಲಿಸಬೇಕಾ?

ಒಮಾನ್ ಪ್ರವಾಸಕ್ಕೆ ಹಣ ಕಟ್ಟಿದ ಮರುದಿನವೇ ಫೋನ್ ಬರುತ್ತದೆ. "ಸಾರ್, ಬುರ್ಖಾ ಇಲ್ಲೇ ಹೊಲಿಸ್ಕೋಬೇಕಾ, ಅಲ್ಲೇ ಸಿಗುತ್ತಾ?" ಟೂರ್ ಮ್ಯಾನೇಜರ್ ಆದ ಮೇಲೆ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಎರಡೂ ಬೇಡ ಮೇಡಂ, ಬೀರು ತೆಗೆದು ಕಾಟನ್ ಚೂಡಿದಾರ್ ಹುಡುಕಿ ಅನ್ನುತ್ತೇನೆ. ಉದ್ದ ತೋಳು, ಸಡಿಲವಾದ ಪ್ಯಾಂಟು, ಮೇಲೊಂದು ವೇಲ್. ಒಮಾನಿಗೆ ಅಷ್ಟು ಸಾಕು.

ಅಲ್ಲಿ ಹೊರಗಿನಿಂದ ಬಂದ ಹೆಂಗಸರು ಬೀದಿಯಲ್ಲಿ ತಲೆ ಮುಚ್ಚಬೇಕಿಲ್ಲ. ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಬಟ್ಟೆ ಮೈಗೆ ಅಂಟಿರಬಾರದು. ಎಲ್ಲರಿಗೂ ತಲೆಯದೇ ಚಿಂತೆ; ಎಡವಟ್ಟಾಗುವುದು ಬೇರೆ ಕಡೆ. ಲೆಗ್ಗಿಂಗ್ಸ್ ಮೇಲೆ ಗಿಡ್ಡ ಕುರ್ತಾ, ಬಿಸಿಲಿಗೆ ನಿಂತರೆ ಒಳಗಿನದೆಲ್ಲ ಕಾಣುವ ತೆಳು ಬಿಳಿ ಬಟ್ಟೆ. ಇನ್ನೊಂದು, ನೀವು ನಂಬಲಿಕ್ಕಿಲ್ಲ, ಸೀರೆ.

ಒಮಾನಿನ ರಾಜಧಾನಿ ಮಸ್ಕತ್‌ನ ಸುಲ್ತಾನ್ ಕಾಬೂಸ್ ಮಹಾಮಸೀದಿ ತೆರೆದದ್ದು 2001ರಲ್ಲಿ. ಶುಕ್ರವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ 8ರಿಂದ 11ರವರೆಗೆ ಬೇರೆ ಧರ್ಮದವರೂ ನೋಡಬಹುದು. ಹೆಂಗಸರ ಕೂದಲು ಕಾಣಬಾರದು, ತೋಳು ಮಣಿಕಟ್ಟಿನವರೆಗೆ, ಬಟ್ಟೆ ಕಾಲಿನ ಗಂಟಿನವರೆಗೆ ಇರಬೇಕು. ಒಮ್ಮೆ ನಮ್ಮ ಗುಂಪಿನ ಒಬ್ಬ ಅಜ್ಜಿ ಒಳ್ಳೆಯ ರೇಷ್ಮೆ ಸೀರೆ ಉಟ್ಟು, ಸೆರಗು ತಲೆ ಮೇಲೆ ಹೊದ್ದು ಬಂದರು. ಬಾಗಿಲಲ್ಲಿ ತಡೆದರು. ಸೆರಗು ತಲೆಗೆ ಹೋಗಿದ್ದರಿಂದ ನಡು ಬಯಲಾಗಿತ್ತು, ಮೊಣಕೈಯಿಂದ ಕೆಳಗೆ ಬರಿಗೈ. "ಇದಕ್ಕಿಂತ ಮರ್ಯಾದೆ ಬಟ್ಟೆ ಯಾವುದಪ್ಪಾ?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಬಿಚ್ಚಿದರೆ ಮಾತ್ರ ದೇವರ ದರ್ಶನ, ಅಲ್ವಾ? ಒಂದೊಂದು ಊರಿನ ಮರ್ಯಾದೆಗೆ ಒಂದೊಂದು ಲೆಕ್ಕ. ಅಲ್ಲೇ ಬಾಡಿಗೆಗೆ ಅಬಾಯ, ಅಂದರೆ ಮೈಪೂರ್ತಿ ಮುಚ್ಚುವ ಸಡಿಲ ನಿಲುವಂಗಿ, ಸಿಕ್ಕಿತು. ಸೀರೆಯ ಮೇಲೇ ಹಾಕಿಕೊಂಡು ಒಳಗೆ ನಡೆದರು. ಸುಮಾರು 600 ಹೆಂಗಸರು ನಾಲ್ಕು ವರ್ಷ ನೇಯ್ದ 21 ಟನ್ ತೂಕದ ಇರಾನಿ ಜಮಖಾನೆ ನೋಡಿದ ಮೇಲೆ ಅವರಿಗೆ ಬಾಡಿಗೆಯ ಬೇಸರ ಮರೆತೇಹೋಯಿತು.

ಅವತ್ತಿನಿಂದ ಮಸೀದಿಯ ದಿನ ಸೀರೆ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ವೇಲ್ ಕಾಟನ್ನಿನದೇ ಇರಲಿ, ಶಿಫಾನ್ ಜಾರುತ್ತದೆ. ನಾಲ್ಕು ಪಿನ್ನು ಜೊತೆಗಿರಲಿ. ಬೆಳಿಗ್ಗೆ ಎದ್ದು ಮೊದಲ ಬಾರಿ ತಲೆಗೆ ಸುತ್ತುವ ಬದಲು ಮನೆಯಲ್ಲೇ ಒಮ್ಮೆ ಕನ್ನಡಿ ಮುಂದೆ ಸುತ್ತಿ ನೋಡಿ.

ಗಂಡಸರು ಈ ಮಾತೆಲ್ಲ ತಮಗಲ್ಲ ಎಂದು ಫೋನ್ ಹೆಂಡತಿ ಕೈಗೆ ಕೊಡುತ್ತಾರೆ. ಮಸೀದಿ ಬಾಗಿಲಲ್ಲಿ ಸಿಕ್ಕಿಬೀಳುವವರಲ್ಲಿ ಅವರೇನೂ ಕಮ್ಮಿಯಿಲ್ಲ. ಚಡ್ಡಿ ನಡೆಯುವುದಿಲ್ಲ. ಬೀಚ್‌ನಿಂದ ನೇರವಾಗಿ ಬನಿಯನ್ನಿನಲ್ಲಿ ಮತ್ರಾ ಸಂತೆಗೆ ನುಗ್ಗುವುದೂ ಸರಿಯಲ್ಲ. ಅಲ್ಲಿನ ಗಂಡಸರನ್ನೇ ನೋಡಿ: ನಲವತ್ತು ಡಿಗ್ರಿ ಬಿಸಿಲಲ್ಲೂ ಕಾಲಿನ ಗಂಟಿನವರೆಗೆ ದಿಶ್‌ದಾಶಾ ಎಂಬ ನಿಲುವಂಗಿ, ತಲೆಗೆ ಕಸೂತಿಯ ಕುಮ್ಮಾ ಟೋಪಿ. ಸಡಿಲವಾದ ಉದ್ದ ಬಟ್ಟೆ ಬಿಸಿಲಿಗೂ ಒಳ್ಳೆಯದೇ.

ಒಮಾನಿನ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಇರಾನಿನಲ್ಲಿ ಹೊರಗಿನವರಿಗೂ ತಲೆ ಮುಚ್ಚುವುದು ಕಾನೂನು. ಸೌದಿ ಅರೇಬಿಯಾ 2019ರಲ್ಲಿ ಪ್ರವಾಸಿ ವೀಸಾ ಶುರು ಮಾಡಿದಾಗ ವಿದೇಶಿ ಹೆಂಗಸರಿಗೆ ಅಬಾಯ ಕಡ್ಡಾಯವಲ್ಲ ಎಂದಿತು. ಭುಜ, ಮೊಣಕಾಲು ಮುಚ್ಚಲೇಬೇಕು.

ಮತ್ತೆ ಒಮಾನಿಗೆ ಬಂದು ಈಜಿನ ವಿಷಯ ಹೇಳಿಬಿಡುತ್ತೇನೆ. ಹೋಟೆಲಿನ ಈಜುಕೊಳದಲ್ಲಿ ಈಜುಡುಗೆ ಸರಿ. ವಾದಿ ಶಾಬ್ ಹಳ್ಳದಲ್ಲಿ ಸ್ಥಳೀಯ ಕುಟುಂಬಗಳೂ ಇರುತ್ತವೆ. ಅಲ್ಲಿ ಟೀ ಶರ್ಟು, ಮೊಣಕಾಲು ದಾಟಿದ ಪ್ಯಾಂಟು ಹಾಕಿಕೊಂಡೇ ನೀರಿಗಿಳಿಯಿರಿ. ಸಣ್ಣ ದೋಣಿಯಲ್ಲಿ ದಾಟಿ, ಮುಕ್ಕಾಲು ಗಂಟೆ ಕಲ್ಲುದಾರಿ ನಡೆದ ಮೇಲೆ ಈಜುವ ಜಾಗ ಸಿಗುತ್ತದೆ. ಒಣಬಟ್ಟೆಯ ಚೀಲ ಬಸ್ಸಿನಲ್ಲೇ ಬಿಟ್ಟು ಬಂದವರು ಆ ಮುಕ್ಕಾಲು ಗಂಟೆ ಒದ್ದೆಯಲ್ಲೇ ವಾಪಸ್ ನಡೆಯುತ್ತಾರೆ.