ಎರಡನೇ ಗುಂಡಿಯ ಲೆಕ್ಕ: ಅವಳಿ ಗುಂಡಿ ಶೌಚಾಲಯದ ವಿನ್ಯಾಸ

ವಿನ್ಯಾಸದಿಂದ ಸಾಮಾಜಿಕ ಸಮಸ್ಯೆ ಬಗೆಹರಿಯುತ್ತದೆಯೇ ಎಂಬ ಪ್ರಶ್ನೆಗೆ ಹೆಚ್ಚಿನ ಉತ್ತರಗಳು ಪೋಸ್ಟರ್, ಆ್ಯಪ್ ಎಂದು ಸುತ್ತಾಡಿ ನಿಲ್ಲುತ್ತವೆ. ಅಳತೆ ಹಿಡಿದು ಓದಬಹುದಾದ ಉದಾಹರಣೆ ಅವಳಿ ಗುಂಡಿ ಶೌಚಾಲಯ: ಒಂದು ಗುಂಡಿ ಬಳಕೆಯಲ್ಲಿದ್ದರೆ, ತುಂಬಿದ ಇನ್ನೊಂದು ವಿಶ್ರಾಂತಿಯಲ್ಲಿರುತ್ತದೆ.

ಸಮಸ್ಯೆ ಗೊತ್ತಿರುವುದೇ. ಒಣ ಕಕ್ಕಸಿದ್ದ ಮನೆಯಲ್ಲಿ ಮಲ ಎತ್ತಲು ದಿನವೂ ಒಬ್ಬ ಮನುಷ್ಯ ಬೇಕಿತ್ತು, ಆ ಮನುಷ್ಯ ಯಾವ ಜಾತಿಯವರು ಎಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಇನ್ನಷ್ಟು ಬಿಗಿಯಾದ ಕಾಯ್ದೆ 2013ರಲ್ಲಿ. ಆದರೆ ಒಳಚರಂಡಿ (ಯುಜಿಡಿ) ಇಲ್ಲದ ಊರಲ್ಲಿ ಮಲ ಎಲ್ಲಿಗೆ ಹೋಗಬೇಕು? ಅದಕ್ಕೆ ಕಾಯ್ದೆಯಲ್ಲಿ ಉತ್ತರ ಸಿಗುವುದಿಲ್ಲ. ಬಿಹಾರದಲ್ಲಿ ಬಿಂದೇಶ್ವರ್ ಪಾಠಕ್ 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿ, ನೀರು ಸುರಿಯುವ ಎರಡು ಗುಂಡಿಯ ಶೌಚಾಲಯವನ್ನು ಮನೆಮನೆಗೆ ಒಯ್ದದ್ದು ಈ ಜಾಗ ತುಂಬಲು.

ಭಾಗಗಳು

ಪ್ಯಾನ್‌ನ ಇಳಿಜಾರು 25ರಿಂದ 28 ಡಿಗ್ರಿ. ಕೆಳಗಿನ ಬಾಗಿದ ಕೊಳವೆ, ಅಂದರೆ ಟ್ರ್ಯಾಪ್‌ನಲ್ಲಿ ವಾಸನೆ ಮೇಲೆ ಬಾರದಂತೆ ನಿಲ್ಲುವ ನೀರಿನ ತಡೆ 20 ಮಿ.ಮೀ. ಮಾತ್ರ. ಈ ಎರಡು ಅಳತೆಗಳಿಂದಾಗಿ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕಾಗುತ್ತದೆ. ಹತ್ತು ಲೀಟರ್ ಫ್ಲಶ್ ಇರುವ ಮನೆಯಲ್ಲಿ ದಿನಕ್ಕೆ ಹತ್ತು ಬಳಕೆಗೆ ನೂರು ಲೀಟರ್ ಬೇಕು, ಇಲ್ಲಿ ಇಪ್ಪತ್ತು. ಬೋರ್‌ವೆಲ್ಲಿನಿಂದ ಕೊಡದಲ್ಲಿ ನೀರು ಹೊರುವ ಮನೆಯಲ್ಲಿ ಆ ಎಂಬತ್ತು ಲೀಟರಿನ ಭಾರ ಸಾಮಾನ್ಯವಾಗಿ ಹೆಂಗಸರ ಸೊಂಟದ ಮೇಲಿರುತ್ತದೆ. ಮೇಸ್ತ್ರಿ ಅಂಗಡಿಯಲ್ಲಿ ಸಿಕ್ಕಿದ 50 ಮಿ.ಮೀ. ತಡೆಯ ಟ್ರ್ಯಾಪ್ ಕೂರಿಸಿದರೆ ಈ ಉಳಿತಾಯವೆಲ್ಲ ಹೋಯಿತು.

ಟ್ರ್ಯಾಪ್‌ನಿಂದ ಪೈಪು ಒಂದು ಚಿಕ್ಕ ಚೇಂಬರಿಗೆ ಬಂದು, ಅಲ್ಲಿ ಎರಡು ಕವಲಾಗಿ ಎರಡು ಗುಂಡಿಗೆ ಹೋಗುತ್ತದೆ. ಒಂದು ಕವಲನ್ನು ಇಟ್ಟಿಗೆ ತುಂಡು, ಮಣ್ಣಿನಿಂದ ಮುಚ್ಚಿರಬೇಕು. ಗುಂಡಿಯ ಗೋಡೆ ಜೇನುಗೂಡಿನ ಹಾಗೆ ಸಂದು ಬಿಟ್ಟು ಕಟ್ಟಿದ್ದು, ತಳ ಬರೀ ಮಣ್ಣು. ನೀರು ಆ ಸಂದುಗಳಲ್ಲಿ ಇಂಗುತ್ತದೆ. ಅನಿಲವೂ ಮಣ್ಣಿಗೇ ಸೇರುತ್ತದೆ, ಹಾಗಾಗಿ ಗಾಳಿಕೊಳವೆ ಬೇಡ.

ಅಳತೆಯ ಲೆಕ್ಕ

ಒಬ್ಬರಿಂದ ವರ್ಷಕ್ಕೆ ಸುಮಾರು 0.045 ಘನ ಮೀಟರ್ ಗಸಿ ಉಳಿಯುತ್ತದೆ ಎಂದು ಹಿಡಿಯೋಣ. ಐದು ಜನ, ಮೂರು ವರ್ಷ: 5 × 0.045 × 3 = 0.675 ಘನ ಮೀಟರ್. ಒಂದು ಮೀಟರ್ ಒಳವ್ಯಾಸದ ಗುಂಡಿಯ ತಳದ ವಿಸ್ತೀರ್ಣ 0.785 ಚದರ ಮೀಟರ್. ಭಾಗಿಸಿದರೆ ಆಳ 0.86 ಮೀಟರ್. ಪೈಪಿನ ಮಟ್ಟದ ಮೇಲೆ 0.3 ಮೀಟರ್ ಖಾಲಿ ಬಿಟ್ಟರೆ ಒಟ್ಟು ಸುಮಾರು 1.2 ಮೀಟರ್. ನಾಲ್ಕೂವರೆ ಇಂಚು ಗೋಡೆಗಾಗಿ ಅಗೆತದ ವ್ಯಾಸ ಸುಮಾರು 1.25 ಮೀಟರ್ ಇರಲಿ. ಎರಡು ಗುಂಡಿಗಳ ನಡುವೆ ಒಂದು ಮೀಟರ್ ಮಣ್ಣು ಉಳಿಯಬೇಕು, ಇಲ್ಲದಿದ್ದರೆ ಬಳಕೆಯ ಗುಂಡಿಯ ನೀರು ವಿಶ್ರಾಂತಿಯ ಗುಂಡಿಗೆ ಜಿನುಗುತ್ತದೆ.

ಈ ಮೂರು ವರ್ಷದಲ್ಲೇ ವಿನ್ಯಾಸದ ಜೀವ ಇದೆ. ಮೊದಲ ಗುಂಡಿ ತುಂಬಿದ ಮೇಲೆ ಎರಡನೆಯದಕ್ಕೆ ತಿರುಗಿಸುತ್ತಾರೆ, ಅದು ತುಂಬುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ಮೂರು ವರ್ಷ ಬಿಡುವು. ಒಂದೂವರೆ, ಎರಡು ವರ್ಷ ಮುಟ್ಟದೆ ಬಿಟ್ಟರೆ ಮಲ ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರವಾಗುತ್ತದೆ. ಹಸಿ ಮಲ ಎತ್ತುವ ಕೆಲಸವೇ ಇಲ್ಲದಾಗುತ್ತದೆ. ಮನುಷ್ಯನ ಬದಲು ಕಾಲ ದುಡಿಯುತ್ತದೆ.

ಎಲ್ಲಿ ಕೆಡುತ್ತದೆ

ಕಾಗದದಲ್ಲಿ ಅವಳಿ, ನೆಲದಲ್ಲಿ ಬೇರೇನೋ. ಮೊದಲ ತಪ್ಪು, ಎರಡೂ ಕವಲು ತೆರೆದಿಡುವುದು. ಗುಂಡಿಗಳು ಒಟ್ಟಿಗೇ ತುಂಬುತ್ತವೆ, ವಿಶ್ರಾಂತಿ ಎಂಬುದೇ ಇರುವುದಿಲ್ಲ, ಎರಡು ಗುಂಡಿಯ ಖರ್ಚಿನಲ್ಲಿ ಒಂದೇ ಗುಂಡಿ ಕಟ್ಟಿದಂತೆ. ಎರಡನೆಯದು, ಚೇಂಬರಿನ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡುವುದು. ಮೂರು ವರ್ಷದ ಮೇಲೆ ತಿರುಗಿಸಲು ಹೋದರೆ ಜಾಗವೇ ಸಿಗದು. ಮೂರನೆಯದು, ಗುಂಡಿಗೆ ಒಳಗಿನಿಂದ ಗಿಲಾವು ಮಾಡುವುದು ಅಥವಾ ತೂತಿಲ್ಲದ ಕಾಂಕ್ರೀಟ್ ರಿಂಗ್ ಇಳಿಸುವುದು. ನೀರು ಇಂಗುವುದಿಲ್ಲ, ಕೆಲವೇ ತಿಂಗಳಲ್ಲಿ ಉಕ್ಕಿ, ಕೊನೆಗೆ ಸಕ್ಕಿಂಗ್ ಮಷಿನ್ ಕರೆಸಬೇಕಾಗುತ್ತದೆ. ಬಚ್ಚಲ ನೀರನ್ನು ಗುಂಡಿಗೆ ಬಿಟ್ಟರೂ ಇದೇ ಗತಿ.

ಆಳದ ಮೋಹ ಬೇರೆ. ‘ಹತ್ತಡಿ ತೋಡಿದರೆ ಬೇಗ ತುಂಬಲ್ಲ’ ಎನ್ನುವ ಮೇಸ್ತ್ರಿಗಳು ಎಲ್ಲೆಡೆ ಸಿಗುತ್ತಾರೆ. ಗುಂಡಿಯ ತಳ ಮಳೆಗಾಲದ ಅಂತರ್ಜಲಕ್ಕಿಂತ ಎರಡು ಮೀಟರ್ ಮೇಲಿರಬೇಕು, ಬಾವಿಯಿಂದ ಹತ್ತು ಮೀಟರ್ ದೂರವಿದ್ದರೆ ಕ್ಷೇಮ. ಆಳಕ್ಕೆ ಹೋದಷ್ಟೂ ಕುಡಿಯುವ ನೀರಿಗೆ ಹತ್ತಿರವಾಗುತ್ತೇವೆ. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಅಲ್ಲಿ ಗೋಡೆಯ ಹೊರಸುತ್ತ 300 ಮಿ.ಮೀ. ಮರಳು ಅಥವಾ ಇಟ್ಟಿಗೆ ಚೂರು ತುಂಬಬೇಕು. ಕಲ್ಲುಬಂಡೆಯ ನೆಲಕ್ಕೆ ಈ ವಿನ್ಯಾಸ ಹೊಂದುವುದಿಲ್ಲ.

ದುಡ್ಡಿನ ಮಾತು

2014ರಲ್ಲಿ ಶುರುವಾದ ಸ್ವಚ್ಛ ಭಾರತ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಶೌಚಾಲಯಕ್ಕೆ ನಿಗದಿಯಾದ ಪ್ರೋತ್ಸಾಹಧನ 12,000 ರೂಪಾಯಿ. ಸೆಪ್ಟಿಕ್ ಟ್ಯಾಂಕಿಗಿಂತ ಅವಳಿ ಗುಂಡಿ ಅಗ್ಗ. ಅದಕ್ಕಿಂತ ದೊಡ್ಡ ಉಳಿತಾಯ ಮುಂದಿನದು: ಸೆಪ್ಟಿಕ್ ಟ್ಯಾಂಕಿಗೆ ಮತ್ತೆ ಮತ್ತೆ ಮಷಿನ್ ಬಾಡಿಗೆ ತೆರಬೇಕು, ಮಷಿನ್ ಬಾರದ ಓಣಿಯಲ್ಲಿ ಮನುಷ್ಯನನ್ನೇ ಇಳಿಸುತ್ತಾರೆ. ಒಳಚರಂಡಿ ಶುಚಿ ಮಾಡಲು ಇಳಿದವರ ಸಾವಿಗೆ ಸುಪ್ರೀಂ ಕೋರ್ಟ್ ನಿಗದಿಪಡಿಸಿದ್ದ 10 ಲಕ್ಷ ಪರಿಹಾರ 2023ರಲ್ಲಿ 30 ಲಕ್ಷಕ್ಕೆ ಏರಿದೆ. ಸಾರ್ವಜನಿಕ ಶೌಚಾಲಯದಲ್ಲಿ ವಿನ್ಯಾಸ ಎಂದರೆ ಹಣದ ಹರಿವೂ ಹೌದು. 1974ರಲ್ಲಿ ಪಟ್ನಾದಲ್ಲಿ ಸುಲಭ್ ಆರಂಭಿಸಿದ ಶುಲ್ಕದ ಶೌಚಾಲಯದಲ್ಲಿ ಬಳಸಿದವರು ಕೊಟ್ಟ ಚಿಲ್ಲರೆಯಿಂದಲೇ ನಿರ್ವಹಣೆ, ಕಾವಲಿನವರ ಸಂಬಳ ನಡೆಯಿತು.

ವಿನ್ಯಾಸ ತಲುಪದ ಜಾಗ

ಗೊಬ್ಬರವಾದ ಮೇಲೂ ‘ಅದನ್ನು ನಾವು ತೆಗೆಯುವುದೇ?’ ಎಂಬ ಅಸಹ್ಯ ಉಳಿಯುತ್ತದೆ. ಜನ ದೊಡ್ಡ ಗುಂಡಿ ಕೇಳುವುದಕ್ಕೆ ನಿಜವಾದ ಕಾರಣ ಇದೇ, ತೆಗೆಯುವ ದಿನವೇ ಬರಬಾರದು ಎಂದು. 2017ರಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ಕುಡಿಯುವ ನೀರು, ನೈರ್ಮಲ್ಯ ಇಲಾಖೆಯ ಆಗಿನ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಗುಂಡಿಗಿಳಿದು ಗೊಬ್ಬರ ತೆಗೆದು ತೋರಿಸಿದ್ದು ಈ ಹಿಂಜರಿಕೆ ಮುರಿಯಲು. ಅಂಥ ಪ್ರದರ್ಶನದಿಂದ ಮುಜುಗರ ಸ್ವಲ್ಪ ಕರಗಬಹುದು, ಜಾತಿ ಕರಗುವುದಿಲ್ಲ. ಆದರೂ ನಮ್ಮ ಕೈಯಲ್ಲಿರುವ ಒಂದು ಚಿಕ್ಕ ಕೆಲಸವಿದೆ: ಗುಂಡಿ ಬದಲಿಸಿದ ದಿನವೇ ಚಪ್ಪಡಿಯ ಮೇಲೆ ಪೇಂಟಿನಲ್ಲಿ ತಿಂಗಳು, ವರ್ಷ ಬರೆಯುವುದು. ತಾರೀಕು ಮರೆತ ಮನೆಯವರು ಆರು ತಿಂಗಳಿಗೇ ಚಪ್ಪಡಿ ಎತ್ತಿ ಹಸಿ ಮಲ ನೋಡಿದರೆ, ಮರುದಿನ ಹಳೆಯ ಪದ್ಧತಿಯಲ್ಲೇ ಯಾರನ್ನೋ ಕರೆಸುತ್ತಾರೆ.