ಲೆನ್ಸಿನ ಆಯುಸ್ಸು ಮೌಂಟಿನ ಕೈಯಲ್ಲಿ

ರಿಪೇರಿಗೆ ಬಂದ ಲೆನ್ಸು ಮೇಜಿನ ಮೇಲೆ ಕೂತ ತಕ್ಷಣ ನನ್ನ ಕೈ ಹೋಗುವುದು ಫೋಕಸ್ ರಿಂಗಿಗೆ. ಹಳೆಯ ಕಾಲದ ಲೆನ್ಸಾದರೆ ಒಂದು ಸುತ್ತು ಸಾಕು. ಗ್ರೀಸ್ ಒಣಗಿದೆಯೋ, ಮರಳು ಸೇರಿದೆಯೋ, ಎಲ್ಲೋ ಬಿದ್ದು ಒಳಗೆ ಬಾಗಿದೆಯೋ ಬೆರಳಿಗೇ ತಿಳಿಯುತ್ತದೆ. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ ಈಗಿನ ಕ್ಯಾಮೆರಾಗಳ ಲೆನ್ಸಿನಲ್ಲಿ ಈ ವಿದ್ಯೆ ನಡೆಯುವುದಿಲ್ಲ. ರಿಂಗು ಬೆಣ್ಣೆಯ ಹಾಗೆ ತಿರುಗುತ್ತದೆ, ಒಳಗಿನ ಗಾಜು ಕೂತಲ್ಲೇ ಕೂತಿರುತ್ತದೆ.

ಇತ್ತೀಚೆಗೆ ಹೀಗೆ ಬಂದದ್ದು ತಯಾರಿಯೇ ನಿಂತುಹೋದ ಒಂದು ವ್ಯವಸ್ಥೆಯ ಲೆನ್ಸು. ಕಂಪನಿಯ ಹೆಸರು ಬೇಡ. ಅದನ್ನು ತಂದವರು ನನ್ನ ಹಳೆಯ ಗಿರಾಕಿ, ಹಕ್ಕಿಗಳ ಹುಚ್ಚಿನವರು. ಲೆನ್ಸು ಕೊಟ್ಟು ಕೇಳಿದ್ದು ಮಾತ್ರ ಬೇರೆಯದನ್ನೇ: "ಸಾರ್, ಮೈಕ್ರೊ ಫೋರ್ ಥರ್ಡ್ಸ್ ತಗೋಬೇಕು ಅಂತಿದ್ದೀನಿ. ಅದು ಇನ್ನೆಷ್ಟು ವರ್ಷ ಇರುತ್ತೆ?"

ಮೈಕ್ರೊ ಫೋರ್ ಥರ್ಡ್ಸ್ ಅಂದರೆ ಚಿಕ್ಕ ಸೆನ್ಸರಿನ, ಲೆನ್ಸು ಬದಲಿಸಬಹುದಾದ ಒಂದು ಮಿರರ್‌ಲೆಸ್ ಕ್ಯಾಮೆರಾ ವ್ಯವಸ್ಥೆ. ಈ ಪ್ರಶ್ನೆ ನನಗೆ ಹೊಸದಲ್ಲ. ಆ ವ್ಯವಸ್ಥೆ ಇಂದು ಸತ್ತಿತು, ನಾಳೆ ಸತ್ತಿತು ಎಂದು ಜನ ಹೇಳುತ್ತಲೇ ಇದ್ದಾರೆ, ಅದು ಹೊಸ ಬಾಡಿ (ಲೆನ್ಸು ಬಿಟ್ಟು ಉಳಿದ ಕ್ಯಾಮೆರಾ) ಬಿಡುತ್ತಲೇ ಇದೆ. ನಾನು ಉತ್ತರ ಶುರುಮಾಡುವುದು ಮಾತ್ರ ಅದೇ ಫೋಕಸ್ ರಿಂಗಿನಿಂದ.

ಕೈಯಿಂದಲೇ ಫೋಕಸ್ ಮಾಡಲೆಂದು ಮಾಡಿದ ಕೆಲವನ್ನು ಬಿಟ್ಟರೆ ಹೆಚ್ಚಿನ ಮಿರರ್‌ಲೆಸ್ ಲೆನ್ಸುಗಳಲ್ಲಿ ರಿಂಗಿಗೂ ಗಾಜಿಗೂ ನೇರ ಸಂಬಂಧವಿಲ್ಲ. ರಿಂಗು ಎಷ್ಟು ತಿರುಗಿತು ಎಂಬುದನ್ನು ಒಳಗಿನ ಎಲೆಕ್ಟ್ರಾನಿಕ್ಸ್ ಓದಬೇಕು, ಮೋಟಾರು ಗಾಜನ್ನು ಸರಿಸಬೇಕು. ಬೆಳಕು ಒಳಬಿಡುವ ಕಿಂಡಿಯಾದ ಅಪರ್ಚರ್ ಕಥೆಯೂ ಅದೇ. ಬಾಡಿಯಿಂದ ಕರೆಂಟು ಬರದಿದ್ದರೆ, ಬಂದರೂ ಅದರ ಭಾಷೆ ಹೊಂದದಿದ್ದರೆ, ಎಷ್ಟೇ ಒಳ್ಳೆಯ ಲೆನ್ಸಾದರೂ ಕಾಗದ ಹಾರದ ಹಾಗೆ ಮೇಲಿಡುವ ತೂಕ ಅಷ್ಟೇ. (ಕೆಲವು ಲೆನ್ಸುಗಳನ್ನು ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನುತ್ತದೆಂದು ಗಾಬರಿಯಿಂದ ಓಡಿಬರುವವರಿದ್ದಾರೆ. ಲೀನಿಯರ್ ಮೋಟಾರಿನ ಲೆನ್ಸು ಕರೆಂಟಿಲ್ಲದಾಗ ಗಾಜಿನ ಗುಂಪನ್ನು ಸಡಿಲ ಬಿಟ್ಟಿರುತ್ತದೆ. ಅದು ರಿಪೇರಿಯಲ್ಲ, ಮನೆಗೆ ಹೋಗಿ.)

ಇದರ ಜೊತೆಗೆ ಸಾಫ್ಟ್‌ವೇರ್. ಚಿಕ್ಕ, ಹಗುರ ಲೆನ್ಸು ಮಾಡಬೇಕೆಂದರೆ ಅಂಚಿನ ಗೆರೆಗಳ ಬಾಗನ್ನು ಪೂರ್ತಿ ಗಾಜಿನಲ್ಲೇ ತಿದ್ದುವುದು ದುಬಾರಿ. ಹಾಗಾಗಿ ಸ್ವಲ್ಪ ಬಾಗನ್ನು ಬಿಟ್ಟು, ತಿದ್ದುಪಡಿಯ ಲೆಕ್ಕವನ್ನು ಲೆನ್ಸಿನಿಂದಲೇ ಬಾಡಿಗೆ ದಾಟಿಸುವ ಪದ್ಧತಿ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ ಆರಂಭದಿಂದಲೂ ಇದೆ. ಈಗ ಎಲ್ಲರೂ ಅದನ್ನೇ ಮಾಡುತ್ತಾರೆ. ಇಂಥ ಲೆನ್ಸು ಅರ್ಧ ಗಾಜು, ಅರ್ಧ ಲೆಕ್ಕ.

ಇನ್ನು ಮೌಂಟಿಗೆ, ಅಂದರೆ ಬಾಡಿಗೆ ಲೆನ್ಸು ಸಿಕ್ಕಿಸುವ ಜೋಡಣೆಗೆ ಬರೋಣ. ಲೆನ್ಸು ಕೂರುವ ಲೋಹದ ಉಂಗುರದಿಂದ ಸೆನ್ಸರಿನವರೆಗಿನ ಅಂತರಕ್ಕೆ ನಾವು ಫ್ಲ್ಯಾಂಜ್ ದೂರ ಅನ್ನುತ್ತೇವೆ. ಕನ್ನಡಿ ಏಳಲು ಬೀಳಲು ಜಾಗ ಬೇಕಾಗಿದ್ದ ಕಾಲದಲ್ಲಿ ಇದು ದೊಡ್ಡದಾಗಿತ್ತು: 1959ರ ನಿಕಾನ್ ಎಫ್ ಮೌಂಟಿನಲ್ಲಿ 46.5 ಮಿ.ಮೀ., 1987ರ ಕ್ಯಾನನ್ ಇಎಫ್‌ನಲ್ಲಿ 44. ಕನ್ನಡಿ ಹೋದ ಮೇಲೆ ನಿಕಾನ್ ಜಡ್ 16ಕ್ಕೆ, ಸೋನಿ ಇ 18ಕ್ಕೆ, ಮೈಕ್ರೊ ಫೋರ್ ಥರ್ಡ್ಸ್ 19.25ಕ್ಕೆ ಇಳಿದವು. ದೂರದ ಲೆನ್ಸನ್ನು ಹತ್ತಿರದ ಬಾಡಿಗೆ ಹಾಕುವುದು ಸುಲಭ, ನಡುವಿನ ಜಾಗಕ್ಕೊಂದು ಖಾಲಿ ಕೊಳವೆ ಸಾಕು. ತಾತನ ಕಾಲದ ಲೆನ್ಸುಗಳು ಇವತ್ತಿನ ಬಾಡಿಗಳ ಮೇಲೆ ಮರುಹುಟ್ಟು ಪಡೆದದ್ದು ಹೀಗೆ. ಮಿರರ್‌ಲೆಸ್ ಲೆನ್ಸಿಗೆ ಆ ಭಾಗ್ಯವಿಲ್ಲ. ಅದು ಆಗಲೇ ಸೆನ್ಸರಿನ ಹತ್ತಿರ ಬಂದು ಕೂತಿದೆ, ಕೊಳವೆ ತೂರಿಸಲು ಜಾಗವೆಲ್ಲಿ? ಸೋನಿ ಲೆನ್ಸನ್ನು ನಿಕಾನ್ ಜಡ್‌ಗೆ ಹಾಕುವ, ಬರೀ 2 ಮಿ.ಮೀ. ದಪ್ಪದ ಅಡಾಪ್ಟರುಗಳೇನೋ ಇವೆ. ಎರಡೂ ಕಡೆ ಜನ ಇರುವುದರಿಂದ ಎರಡರ ಭಾಷೆಯನ್ನೂ ಬಿಡಿಸಿ ಅಡಾಪ್ಟರ್ ಮಾಡುವ ಗೋಜಿಗೆ ಯಾರೋ ಹೋದರು. ಸತ್ತ ಮೌಂಟಿಗಾಗಿ ಅಷ್ಟು ಕಷ್ಟ ಪಡುವವರು ಅಪರೂಪ.

ಕ್ಯಾನನ್ ಎಂ ಮಾಲೀಕರನ್ನು ನೆನೆದರೆ ನನಗೆ ಪಾಪ ಅನ್ನಿಸುತ್ತದೆ. 2012ರಲ್ಲಿ ಶುರುವಾದ ಆ ಚಿಕ್ಕ ಕ್ಯಾಮೆರಾಗಳ ಫ್ಲ್ಯಾಂಜ್ ದೂರ 18 ಮಿ.ಮೀ. 2018ರಲ್ಲಿ ಅದೇ ಕಂಪನಿ ತಂದ ಆರ್‌ಎಫ್ ಮೌಂಟಿನದು 20. ಎರಡೇ ಮಿಲಿಮೀಟರ್, ಆದರೆ ಬೇಡದ ದಿಕ್ಕಿನಲ್ಲಿ. ಮೂವತ್ತು ವರ್ಷ ಹಿಂದಿನ ಇಎಫ್ ಲೆನ್ಸು ಕಂಪನಿಯದೇ ಅಡಾಪ್ಟರಿನಲ್ಲಿ ಹೊಸ ಬಾಡಿಯ ಮೇಲೆ ಚುರುಕಾಗಿ ಫೋಕಸ್ ಮಾಡುತ್ತದೆ, ಎಂ ಲೆನ್ಸಿಗೆ ಮಾತ್ರ ಬಾಗಿಲು ಮುಚ್ಚಿತು. ಒಂದೇ ಮನೆಯ ಮಕ್ಕಳು, ಹಿರಿಯನಿಗೆ ಆಸ್ತಿ, ಕಿರಿಯನಿಗೆ ಕೈ ಚೊಂಬು.

ಬಾಡಿ ಚೆನ್ನಾಗಿದ್ದರೆ ವ್ಯವಸ್ಥೆ ಉಳಿಯುತ್ತದೆ ಎಂದು ನಂಬುವವರಿಗೆ ನಾನು ಸ್ಯಾಮ್‌ಸಂಗ್ ಎನ್‌ಎಕ್ಸ್1 ತೋರಿಸುತ್ತೇನೆ. 2014ರಲ್ಲಿ 28 ಮೆಗಾಪಿಕ್ಸೆಲ್ ಸೆನ್ಸರಿನೊಡನೆ ಬಂದ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಒಂದೆರಡು ವರ್ಷದಲ್ಲಿ ಕಂಪನಿ ಅಂಗಡಿ ಮುಚ್ಚಿತು. ನಿಕಾನ್ 1 ಕೂಡ 2011ರಲ್ಲಿ ಹುಟ್ಟಿ 2018ರ ಹೊತ್ತಿಗೆ ಮುಗಿದುಹೋಯಿತು. ಈ ಮೂರಕ್ಕೂ ಒಂದು ಸಾಮ್ಯವಿದೆ: ಮೌಂಟಿಗೆ ಒಬ್ಬನೇ ಒಡೆಯ, ಬಾಡಿ ಮಾಡುವವನೂ ಅವನೊಬ್ಬನೇ. ಅವನಿಗೆ ಬೇಸರವಾದ ದಿನ ಕಥೆ ಮುಗಿಯಿತು. ಇದಕ್ಕೆ ಎದುರಾಗಿ ಸೋನಿ 2011ರಲ್ಲೇ ಇ ಮೌಂಟಿನ ಮೂಲ ವಿವರಗಳನ್ನು ಬೇರೆ ಲೆನ್ಸ್ ತಯಾರಕರಿಗೆ ಶುಲ್ಕವಿಲ್ಲದೆ ಕೊಟ್ಟಿತು. ಲೈಕಾ, ಪ್ಯಾನಸಾನಿಕ್, ಸಿಗ್ಮಾ 2018ರಲ್ಲಿ ಎಲ್ ಮೌಂಟಿನ ಸುತ್ತ ಒಂದಾದವು.

ಮೈಕ್ರೊ ಫೋರ್ ಥರ್ಡ್ಸ್ ಹುಟ್ಟಿದ್ದೇ ಇಬ್ಬರು ಒಡೆಯರೊಂದಿಗೆ. 2008ರಲ್ಲಿ ಒಲಿಂಪಸ್, ಪ್ಯಾನಸಾನಿಕ್ ಸೇರಿ ಘೋಷಿಸಿದವು, ಮೊದಲ ಕ್ಯಾಮೆರಾ ಪ್ಯಾನಸಾನಿಕ್ ಜಿ1. ಆಮೇಲೆ ಬ್ಲ್ಯಾಕ್‌ಮ್ಯಾಜಿಕ್ ತನ್ನ ಸಿನಿಮಾ ಕ್ಯಾಮೆರಾಗೆ, ಡಿಜೆಐ ತನ್ನ ಡ್ರೋನ್ ಕ್ಯಾಮೆರಾಗೆ ಅದೇ ಮೌಂಟ್ ಹಾಕಿದವು. ಒಲಿಂಪಸ್ ಕ್ಯಾಮೆರಾ ವಿಭಾಗವನ್ನೇ ಕಳಚಿಕೊಂಡು 2021ರ ಆರಂಭದಲ್ಲಿ ಬೇರೆಯವರ ಕೈಗೆ ಕೊಟ್ಟಾಗ ಎಲ್ಲರೂ ಇನ್ನು ಮುಗಿಯಿತು ಅಂದರು. ಮರುವರ್ಷವೇ ಆ ಹೊಸಬರಿಂದ ಓಎಂ-1 ಎಂಬ ಕ್ಯಾಮೆರಾ ಬಂತು. ಪ್ಯಾನಸಾನಿಕ್ 2023ರಲ್ಲಿ ಜಿ9 II, 2024ರಲ್ಲಿ ಜಿಎಚ್7 ಬಿಟ್ಟಿತು. ಒಬ್ಬ ಒಡೆಯ ಎಡವಿದಾಗ ಇನ್ನೊಬ್ಬ ನಿಂತಿದ್ದ ಎಂಬುದು ಇಲ್ಲಿ ಸಣ್ಣ ವಿಷಯವಲ್ಲ.

ಹಾಗೆಂದು ಎಲ್ಲ ಸರಿಯಿದೆ ಎನ್ನಲಾರೆ. ಇದರ ಸೆನ್ಸರ್ ಅಳತೆ 17.3 × 13 ಮಿ.ಮೀ., ಫುಲ್ ಫ್ರೇಮಿನ (ಹಳೆಯ 35 ಮಿ.ಮೀ. ಫಿಲ್ಮಿನ ಚಿತ್ರದಷ್ಟು ದೊಡ್ಡ ಸೆನ್ಸರಿನ) ಸುಮಾರು ಕಾಲು ಭಾಗ. ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 2010ರಲ್ಲಿ 12 ಕೋಟಿ ದಾಟಿದ್ದದ್ದು 2023ರಲ್ಲಿ 80 ಲಕ್ಷಕ್ಕೂ ಕೆಳಗಿತ್ತು. ಇಷ್ಟು ಕುಗ್ಗಿದ ಪೇಟೆಯಲ್ಲಿ ಈ ಅಳತೆಯ ಸೆನ್ಸರನ್ನು ಪದೇಪದೇ ಹೊಸದಾಗಿ ಮಾಡಿಸಲು ಹಣ ಹಾಕುವವರು ಕಡಿಮೆ. 2022ರ ಓಎಂ-1ರ 20 ಮೆಗಾಪಿಕ್ಸೆಲ್ 2024ರ ಎರಡನೇ ಆವೃತ್ತಿಯಲ್ಲೂ ಹಾಗೇ ಉಳಿಯಿತು. ಪ್ಯಾನಸಾನಿಕ್‌ನ ಗಮನ ಎಲ್ ಮೌಂಟಿನ ಫುಲ್ ಫ್ರೇಮ್ ಕಡೆಗೂ ಹರಿದುಹೋಗಿದೆ.

ನನ್ನ ಅಂದಾಜು ಹೇಳಿಬಿಡುತ್ತೇನೆ: ಇದು ಇನ್ನು ಬೆಳೆಯುವುದಿಲ್ಲ, ರಾತ್ರೋರಾತ್ರಿ ಸಾಯುವುದೂ ಇಲ್ಲ. ಹೊಸ ಬಾಡಿಗಳ ನಡುವಿನ ಅಂತರ ಹೆಚ್ಚುತ್ತದೆ. ಪ್ರವಾಸಕ್ಕೊಂದು ಪುಟ್ಟ ಕ್ಯಾಮೆರಾ ಎಂದು ಕೊಳ್ಳುತ್ತಿದ್ದವರು ಮೊಬೈಲಿಗೋ ದೊಡ್ಡ ಸೆನ್ಸರಿಗೋ ಹೊರಟುಹೋಗುತ್ತಾರೆ. ಉಳಿಯುವವರು ಉದ್ದದ ಲೆನ್ಸಿನವರು, ಕೀಟ ಹೂಗಳ ಮ್ಯಾಕ್ರೊದವರು, ವಿಡಿಯೊದವರು. ಯಾಕೆಂದರೆ ಅಲ್ಲಿ ತೂಕದ ಲೆಕ್ಕ ಯಾವ ಜಾಹೀರಾತಿಗೂ ಬಗ್ಗುವುದಿಲ್ಲ. ಒಲಿಂಪಸ್ 300 ಮಿ.ಮೀ. ಎಫ್4 ಲೆನ್ಸು ಸುಮಾರು 1.3 ಕಿಲೊ, ನೋಟದ ಕೋನ ಫುಲ್ ಫ್ರೇಮಿನ 600 ಮಿ.ಮೀ.ಗೆ ಸಮ. ಅಲ್ಲಿನ 600 ಎಫ್4 ಲೆನ್ಸು 3 ಕಿಲೊ ತೂಗುತ್ತದೆ. ಎರಡೂ ಒಂದೇ ಎನ್ನುವ ಮಾರಾಟದವರ ಮಾತು ನಂಬಬೇಡಿ. ಚಿಕ್ಕ ಸೆನ್ಸರಿಗೆ ಒಟ್ಟಾರೆ ಸಿಗುವ ಬೆಳಕು ಕಾಲು ಭಾಗ, ಮುಸ್ಸಂಜೆಯ ಚಿತ್ರದಲ್ಲಿ ಮರಳು ಎರಚಿದಂಥ ಕಾಳುಕಾಳು ಚುಕ್ಕೆಗಳು ಎದ್ದು ಕಾಣುತ್ತವೆ. ಆದರೆ ದಿನವಿಡೀ ಹೊತ್ತು ನಡೆಯುವವರಿಗೆ, ಸ್ಟ್ಯಾಂಡಿಲ್ಲದೆ ಕೈಯಲ್ಲೇ ಹಿಡಿದು ತೆಗೆಯುವವರಿಗೆ ಆ ವ್ಯತ್ಯಾಸ ಭುಜದಲ್ಲೇ ಗೊತ್ತಾಗುತ್ತದೆ. ಚಿಕ್ಕ ಸೆನ್ಸರು ಹಗುರ, ಕೈ ನಡುಗಿದರೆ ಅದನ್ನು ಸರಿದೂಗಿಸಿ ಅಲ್ಲಾಡಿಸುವುದೂ ಸಲೀಸು.

ಕಂಪನಿಗಳ ಮುಂದಿನ ಲೆನ್ಸುಗಳ ಪಟ್ಟಿ ನೋಡಿ ಭವಿಷ್ಯ ಹೇಳುವವರಿದ್ದಾರೆ. ನಾನು ನೋಡುವುದು ಫ್ಲೆಕ್ಸ್ ಕೇಬಲ್. ಜೂಮ್ ಲೆನ್ಸಿನೊಳಗೆ ಕಾಗದದಷ್ಟು ತೆಳ್ಳನೆಯ, ಕಂದು ಬಣ್ಣದ ಒಂದು ಪಟ್ಟಿ ಇರುತ್ತದೆ. ಲೆನ್ಸು ಹೊರಬಂದಾಗಲೆಲ್ಲ ಬಿಚ್ಚಿಕೊಳ್ಳುತ್ತದೆ, ಒಳಹೋದಾಗ ಮಡಚಿಕೊಳ್ಳುತ್ತದೆ. ಸಾವಿರಾರು ಸಲ ಮಡಚಿದ ಮೇಲೆ ಒಂದು ದಿನ ಬಾಗಿನಲ್ಲೇ ಕೂದಲೆಳೆಯಷ್ಟು ಬಿರುಕು. ಲೆನ್ಸು ಒಂದು ಜಾಗದಲ್ಲಿ ಕೆಲಸ ಮಾಡುತ್ತದೆ, ಇನ್ನೊಂದು ಜಾಗದಲ್ಲಿ ಸುಮ್ಮನಾಗುತ್ತದೆ. ಬಳಸುವವರು ಬೇಕಾದಷ್ಟು ಜನ ಇದ್ದರೆ ಕಂಪನಿ ಕೊಡದಿದ್ದರೂ ಹೊರಗಿನವರು ಈ ಪಟ್ಟಿಯನ್ನು ಮಾಡಿ ಮಾರುತ್ತಾರೆ. ಅವರಿಗೆ ಅಭಿಮಾನವಿಲ್ಲ, ಲೆಕ್ಕ ಮಾತ್ರ ಇದೆ.

ಹಕ್ಕಿಯವರಿಗೆ ನಾನು ಹೇಳಿದ್ದು ಇಷ್ಟು. ಇವತ್ತು ಸಿಗುವ ಲೆನ್ಸಿನಲ್ಲೇ ನಿಮ್ಮ ಕೆಲಸ ಆಗುವುದಾದರೆ ತಗೊಳ್ಳಿ. ಮುಂದೆ ಬರಬಹುದಾದ ಬಾಡಿಯ ಆಸೆಗಾದರೆ ಬೇಡ. ಬಾಡಿ ಕೊಳ್ಳುವ ದಿನವೇ ಒಂದು ಬ್ಯಾಟರಿ ಹೆಚ್ಚಿಗೆ ಕೊಳ್ಳಿ. ಅವರು ತಂದಿದ್ದ ಲೆನ್ಸಿಗೆ ಕೇಬಲ್ ಎಲ್ಲೂ ಸಿಗಲಿಲ್ಲ. ಅದೇ ಮಾದರಿಯ ಇನ್ನೊಂದು ಸತ್ತ ಲೆನ್ಸಿನಿಂದ ಕಿತ್ತು ಹಾಕಿದೆ.

ಹಾಗೆ ಕೀಳಲೆಂದೇ ನನ್ನ ಮೇಜಿನ ಕೆಳಗೆ ಡ್ರಾಯರುಗಳಿವೆ, ಒಂದೊಂದು ಮೌಂಟಿಗೆ ಒಂದೊಂದು. ನಿಂತುಹೋದ ವ್ಯವಸ್ಥೆಗಳವು ತುಂಬಿ ಮುಚ್ಚಲು ಬರುವುದಿಲ್ಲ. ಎಲ್ಲೇ ಹಾಳಾದದ್ದು ಸಿಕ್ಕರೂ ತಂದು ಹಾಕಿಟ್ಟಿದ್ದೇನೆ. ಮೈಕ್ರೊ ಫೋರ್ ಥರ್ಡ್ಸ್ ಎಂದು ಚೀಟಿ ಅಂಟಿಸಿದ್ದು ಇನ್ನೂ ಅರ್ಧ ಖಾಲಿ. ಬೇಕಾದ ಭಾಗ ಹೊರಗೆ ಸಿಗುತ್ತಿರುವಾಗ ಹೆಣ ಕೂಡಿಡುವ ಅಗತ್ಯ ಬಿದ್ದಿಲ್ಲ.