ಹೃದಯಾಘಾತದ ನಂತರ ಎಷ್ಟು ನಡೆಯಬೇಕು?

ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆಗಿ ಮನೆಗೆ ಹೊರಟವರ ಡಿಸ್ಚಾರ್ಜ್ ಚೀಟಿಯಲ್ಲಿ ಪ್ರತಿ ಮಾತ್ರೆಯ ಮುಂದೆ ಇಷ್ಟು ಮಿಲಿಗ್ರಾಂ, ದಿನಕ್ಕೆ ಇಷ್ಟು ಸಲ, ಊಟಕ್ಕೆ ಮೊದಲೋ ನಂತರವೋ ಎಂಬುದೆಲ್ಲ ಬರೆದಿರುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ ‘ಲಘು ನಡಿಗೆ, ಭಾರ ಎತ್ತಬಾರದು’ ಎಂದಷ್ಟೇ ಇರುತ್ತದೆ. ಆ ಲಘು ಎಂದರೆ ಎಷ್ಟು ಎಂಬುದನ್ನು ರೋಗಿಯ ದೇಹದ ಮೇಲೆಯೇ ಅಳೆದು ನೋಡಿ, ಮಾತ್ರೆಯ ಪ್ರಮಾಣದಷ್ಟೇ ಖಚಿತವಾಗಿ ಹೇಳುವುದು ಹೃದಯ ಪುನಶ್ಚೇತನ ವಿಭಾಗದ ವ್ಯಾಯಾಮ ಶರೀರಕ್ರಿಯಾ ತಜ್ಞರ ಹೊಣೆ. ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಇದು ಪ್ರತ್ಯೇಕ ಮಾನ್ಯತೆಯುಳ್ಳ ವೃತ್ತಿ. ನಮ್ಮಲ್ಲಿ ಬಹುಪಾಲು ಫಿಸಿಯೋಥೆರಪಿಸ್ಟರೇ ಇದನ್ನು ನಿರ್ವಹಿಸುತ್ತಾರೆ. ನಾನೂ ಇದೇ ಕೆಲಸದಲ್ಲಿರುವವಳು; ಯಾರು ಮಾಡಿದರೂ ಲೆಕ್ಕಾಚಾರ ಒಂದೇ.

ಹೃದಯಾಘಾತವಾದವರು ವಾರಗಟ್ಟಲೆ ಮಂಚದಿಂದ ಇಳಿಯಬಾರದು ಎಂಬುದು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ವೈದ್ಯರ ಕಟ್ಟಪ್ಪಣೆಯೇ ಆಗಿತ್ತು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸಿ ನೋಡಿದ್ದನ್ನು ಪ್ರಕಟಿಸಿದಾಗ ಅದು ದೊಡ್ಡ ಸಾಹಸವೆನಿಸಿತ್ತು. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲೇ ಇರಿಸಿದಾಗ, ಅವರ ದೇಹ ಗರಿಷ್ಠವಾಗಿ ಬಳಸಬಲ್ಲ ಆಮ್ಲಜನಕದ ಪ್ರಮಾಣ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಅದೇ ಐವರನ್ನು ಮೂವತ್ತು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರಗಳ ನಷ್ಟವೇ ದೊಡ್ಡದಾಗಿತ್ತೆಂದು ತಿಳಿಯಿತು. ಆದರೂ ನಮ್ಮ ಮನೆಗಳಲ್ಲಿ ನೀರಿನ ಲೋಟವನ್ನೂ ಮಗನೋ ಸೊಸೆಯೋ ತಂದುಕೊಡುವ ಪದ್ಧತಿ ಇಂದಿಗೂ ತಿಂಗಳುಗಟ್ಟಲೆ ನಡೆಯುತ್ತದೆ. ಅದರ ಹಿಂದಿರುವ ಪ್ರೀತಿ ನನಗೆ ಅರ್ಥವಾಗುತ್ತದೆ, ಅದರಿಂದ ತೊಡೆಯ ಸ್ನಾಯು ಕರಗುವುದೂ ಕಾಣುತ್ತದೆ.

ಭಯಕ್ಕೆ ಕಾರಣವಿಲ್ಲದೆ ಇಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ವ್ಯಾಯಾಮವೇ ಅಪಾಯ ಎಂಬ ಮಾತೂ ಆಗಲೇ ಮನೆಮನೆಗೆ ಹಬ್ಬಿತು. ತೀವ್ರ ಶ್ರಮದ ಹೊತ್ತಿನಲ್ಲಿ ಹೃದಯಕ್ಕೆ ಅಪಾಯ ತುಸು ಏರುವುದು ನಿಜ. ಆದರೆ ಅದು ಹೆಚ್ಚಾಗಿ ಏರುವುದು ಶ್ರಮದ ರೂಢಿಯೇ ಇಲ್ಲದೆ ಒಮ್ಮೆಲೇ ತೀವ್ರವಾಗಿ ತೊಡಗಿದವರಲ್ಲಿ. ಹಂತಹಂತವಾಗಿ ರೂಢಿ ಮಾಡಿಕೊಂಡವರಲ್ಲಿ ಅದೇ ಅಪಾಯ ಇಳಿಯುತ್ತದೆ.

ಹಾಗಾದರೆ ಪ್ರಮಾಣವನ್ನು ನಿರ್ಧರಿಸುವುದು ಹೇಗೆ? ವೈದ್ಯರ ಒಪ್ಪಿಗೆಯ ನಂತರ ಟ್ರೆಡ್‌ಮಿಲ್ ಪರೀಕ್ಷೆ, ಅದು ಆಗದವರಿಗೆ ಆರು ನಿಮಿಷದ ನಡಿಗೆ ಪರೀಕ್ಷೆ ಮಾಡುತ್ತೇವೆ. ಇಲ್ಲಿ ಹಲವರು ಎಡವುವ ಒಂದು ಅಂಶವಿದೆ. ರೋಗ ಪತ್ತೆಗಾಗಿ ಟ್ರೆಡ್‌ಮಿಲ್ ಮಾಡುವಾಗ ಬೀಟಾ ಬ್ಲಾಕರ್ ಮಾತ್ರೆಯನ್ನು ವೈದ್ಯರು ಮುಂಚಿತವಾಗಿ ನಿಲ್ಲಿಸಿರಬಹುದು; ವ್ಯಾಯಾಮದ ಪ್ರಮಾಣ ನಿರ್ಧರಿಸುವ ಪರೀಕ್ಷೆಯನ್ನು ಆ ಮಾತ್ರೆ ತೆಗೆದುಕೊಂಡೇ ಮಾಡಬೇಕು, ಏಕೆಂದರೆ ರೋಗಿ ನಾಳೆಯಿಂದ ನಡೆಯುವುದು ಅದೇ ಮಾತ್ರೆಯ ಪ್ರಭಾವದಲ್ಲಿ. ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆಗಳು ಹೃದಯ ಬಡಿತ ಏರದಂತೆ ತಡೆಹಿಡಿಯುತ್ತವೆ.

ಐವತ್ತನಾಲ್ಕು ವರ್ಷದ ಒಬ್ಬರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊಬೈಲಿನಲ್ಲಿ ಸಿಗುವ ಸೂತ್ರದಂತೆ 220ರಿಂದ ವಯಸ್ಸನ್ನು ಕಳೆದರೆ 166, ಅದರ ಶೇ. 70 ಎಂದರೆ 116. ಮಗ ತಂದುಕೊಟ್ಟ ಸ್ಮಾರ್ಟ್‌ವಾಚಿನಲ್ಲಿ ಈ ಸಂಖ್ಯೆ ಕಾಣುವವರೆಗೂ ಅವರು ಬಿರುಸಾಗಿ ನಡೆಯುತ್ತಾರೆ. ಮಾತ್ರೆಯ ಪ್ರಭಾವದಲ್ಲಿ ಅವರ ವಿಶ್ರಾಂತಿಯ ಬಡಿತ 58, ಟ್ರೆಡ್‌ಮಿಲ್ ಮೇಲೆ ಇನ್ನು ಆಗುವುದಿಲ್ಲ ಎಂದಾಗ ಮುಟ್ಟಿದ್ದು 112 ಎಂದಾದರೆ, ಅವರು ಬೆನ್ನಟ್ಟುತ್ತಿರುವ ಗುರಿ ಅವರ ಸಾಮರ್ಥ್ಯದ ತುದಿಗಿಂತಲೂ ಮೇಲಿದೆ. ಕಾರ್ವೊನೆನ್ ವಿಧಾನದಂತೆ ಈ ಎರಡರ ಅಂತರವಾದ 54ರ ಅರ್ಧವನ್ನು ವಿಶ್ರಾಂತಿಯ ಬಡಿತಕ್ಕೆ ಕೂಡಿಸಿದರೆ 85, ಶೇ. 70ನ್ನು ಕೂಡಿಸಿದರೆ 96. ಅವರಿಗೆ ನಾವು ಬರೆದುಕೊಡುವುದು ಈ ಎರಡು ಸಂಖ್ಯೆಗಳ ನಡುವಿನ ಬಡಿತವನ್ನು. ಪರೀಕ್ಷೆಯ ವೇಳೆ ಯಾವುದಾದರೂ ಬಡಿತದಲ್ಲಿ ಇಸಿಜಿ ಬದಲಾಗಿದ್ದರೆ ಅಥವಾ ಎದೆ ಹಿಡಿದಿದ್ದರೆ, ಮೇಲಿನ ಮಿತಿ ಅದಕ್ಕಿಂತ ಕನಿಷ್ಠ ಹತ್ತು ಬಡಿತ ಕೆಳಗಿರಬೇಕು. ಮುಂದೆ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರೆ ಈ ಲೆಕ್ಕವೆಲ್ಲ ಹಳತಾಗುತ್ತದೆ. ಅದನ್ನು ನಮಗೆ ತಿಳಿಸಬೇಕೆಂದು ಮನೆಯವರಿಗೆ ಹೊಳೆಯುವುದು ಅಪರೂಪ.

ಬಡಿತದ ಜೊತೆಗೆ ನಾವು ಕೇಳುವ ಇನ್ನೊಂದು ಪ್ರಶ್ನೆ, ‘ಎಷ್ಟು ಕಷ್ಟವಾಗುತ್ತಿದೆ?’ ಎಂಬುದು. ಸ್ವೀಡನ್ನಿನ ಗುನ್ನರ್ ಬೋರ್ಗ್ ರೂಪಿಸಿದ 6ರಿಂದ (ಏನೂ ಕಷ್ಟವಿಲ್ಲ) 20ರವರೆಗಿನ (ಇನ್ನು ಆಗದು) ಕಷ್ಟದ ಪಟ್ಟಿಯನ್ನು ಗೋಡೆಗೆ ತೂಗುಹಾಕಿ, 11ರಿಂದ 14ರ ನಡುವೆ ಇರುವಂತೆ ನಡಿಗೆಯನ್ನು ಹೊಂದಿಸುತ್ತೇವೆ. ಸಂಖ್ಯೆಗಳು ಒಗ್ಗದವರಿಗೆ ಮಾತಿನ ಪರೀಕ್ಷೆ ಸಾಕು: ನಡೆಯುತ್ತಲೇ ಪೂರ್ತಿ ವಾಕ್ಯ ಆಡಲು ಬರಬೇಕು, ಹಾಡಲು ಬರಬಾರದು. ಆದರೆ ರೋಗಿಗಳು, ಅದರಲ್ಲೂ ಗಂಡಸರು, ನಮ್ಮ ಮುಂದೆ ಕಷ್ಟವನ್ನು ಕಡಿಮೆ ಮಾಡಿ ಹೇಳುವುದು ಸಾಮಾನ್ಯ. ‘ಏನೂ ಇಲ್ಲ ಮೇಡಂ, ಆರಾಮಾಗಿದೀನಿ’ ಎನ್ನುವವರ ಮೇಲ್ದುಟಿಯ ಬೆವರು ಮತ್ತು ಟ್ರೆಡ್‌ಮಿಲ್‌ನ ಹಿಡಿಕಂಬಿ ಹಿಡಿದ ಬಿಗಿತವನ್ನೂ ಗಮನಿಸಬೇಕಾಗುತ್ತದೆ. ವೇಗ ಏರಿಸಿದಂತೆ ಮೇಲಿನ ರಕ್ತದೊತ್ತಡ ಏರಬೇಕು. ಬದಲಾಗಿ ಇಳಿಯತೊಡಗಿದರೆ ಯಂತ್ರವನ್ನು ನಿಧಾನಗೊಳಿಸಿ ನಿಲ್ಲಿಸುತ್ತೇವೆ. ನಡೆದಾಗ ಬಂದು ನಿಂತಾಗ ಹೋಗುವ ‘ಗ್ಯಾಸ್’ ಹೃದಯದ್ದೇ ಎಂದು ಭಾವಿಸಿ ಇಸಿಜಿ ನೋಡುತ್ತೇವೆ. ಮಧುಮೇಹಿಗಳಿಗೆ ಅಷ್ಟು ಸೂಚನೆಯೂ ಸಿಗದಿರಬಹುದು, ಕೇವಲ ಏದುಸಿರು ಬರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಇಳಿದರೆ ಬೀಟಾ ಬ್ಲಾಕರ್ ಎದೆಬಡಿತವನ್ನು ಮರೆಮಾಚುತ್ತದೆ, ಬೆವರನ್ನು ಮಾತ್ರ ಮರೆಮಾಚುವುದಿಲ್ಲ. ಆದ್ದರಿಂದ ನಡಿಗೆಗೆ ಮೊದಲೇ ಸಕ್ಕರೆ ನೋಡಿಕೊಳ್ಳುತ್ತೇವೆ.

ಎಲ್ಲರೂ ಬೇಗ ಮುಗಿಸಲು ಹಾತೊರೆಯುವುದು ಕೊನೆಯ ಹತ್ತು ನಿಮಿಷದ ನಿಧಾನ ನಡಿಗೆಯನ್ನು, ನಾನು ಒಂದಿಷ್ಟೂ ಸಡಿಲ ಬಿಡದಿರುವುದೂ ಅದನ್ನೇ. ಚಲಿಸುವ ಕಾಲಿನ ಸ್ನಾಯುಗಳು ರಕ್ತವನ್ನು ಹೃದಯದ ಕಡೆಗೆ ಒತ್ತುತ್ತಿರುತ್ತವೆ. ಥಟ್ಟನೆ ನಿಂತರೆ ಆ ರಕ್ತ ಕಾಲಿನಲ್ಲೇ ಉಳಿದು, ರಕ್ತನಾಳ ಹಿಗ್ಗಿಸುವ ಮಾತ್ರೆಗಳ ಪ್ರಭಾವವೂ ಸೇರಿ, ಒತ್ತಡ ಕುಸಿದು ಕಣ್ಣು ಕತ್ತಲಾಗುತ್ತದೆ.

ಬೈಪಾಸ್ ಆದವರ ವಿಷಯದಲ್ಲಿ ಹೃದಯದ ಜೊತೆಗೆ ಎದೆಮೂಳೆಯ ಲೆಕ್ಕವೂ ಸೇರುತ್ತದೆ. ತಂತಿಯಿಂದ ಬಿಗಿದ ಆ ಮೂಳೆ ಕೂಡಿಕೊಳ್ಳಲು ಸುಮಾರು ಎಂಟರಿಂದ ಹನ್ನೆರಡು ವಾರ ಬೇಕು. ಪುಸ್ತಕಗಳಲ್ಲಿ ಇದಕ್ಕಿರುವ ಸೂಚನೆಗಳು ಮಂಚ, ಕುರ್ಚಿ, ಕಾರುಗಳ ಮನೆಗೆ ಬರೆದಂಥವು. ನೆಲದ ಮೇಲೆ ಉಣ್ಣಲು ಕೂತವರು ಒಂದು ಕೈಯೂರಿ ಏಳುವುದು, ಕುಕ್ಕರಗಾಲಿನ ಶೌಚಾಲಯದಲ್ಲಿ ತಿಣುಕುವುದು, ಹೊಂಡಬಿದ್ದ ರಸ್ತೆಯಲ್ಲಿ ಸ್ಕೂಟರಿನ ಹ್ಯಾಂಡಲ್ ಹಿಡಿಯುವುದು ಅವುಗಳಲ್ಲಿ ಕಾಣುವುದಿಲ್ಲ. ಹೆಂಗಸರದು ಇನ್ನೊಂದು ಬಗೆ. ಗಂಡಸಿಗೆ ಎದ್ದೇಳಬೇಡಿ ಎನ್ನುವ ಮನೆಯಲ್ಲೇ ಆಪರೇಷನ್ ಆದ ಅಮ್ಮ ಕೆಲವೇ ವಾರಗಳಲ್ಲಿ ಒಲೆಯ ಮುಂದೆ ನಿಂತಿರುತ್ತಾರೆ, ‘ಮನೆ ಕೆಲಸ ತಾನೇ’ ಎಂಬ ಮಾತಿನೊಂದಿಗೆ. ಒಂದೇ ಪ್ರಮಾಣದ ಕೆಲಸವನ್ನು ಕಾಲಿನ ಬದಲು ತೋಳಿನಿಂದ ಮಾಡಿದರೆ ಬಡಿತವೂ ರಕ್ತದೊತ್ತಡವೂ ಹೆಚ್ಚು ಏರುತ್ತವೆ. ಬಟ್ಟೆ ಹಿಂಡುವುದು, ಹತ್ತು ಕಿಲೋಗೂ ಮಿಕ್ಕಿ ತೂಗುವ ತುಂಬಿದ ಕೊಡ ಎತ್ತುವುದು ಆ ಜಾತಿಯ ಕೆಲಸಗಳು. ಆದ್ದರಿಂದ ‘ದಿನವೂ ಎಷ್ಟು ನಡೆಯುತ್ತೀರಿ?’ ಎನ್ನುವುದಕ್ಕಿಂತ ಮೊದಲು ‘ನೀರು ಎಲ್ಲಿಂದ ತರುತ್ತೀರಿ?’ ಎಂದು ಕೇಳುತ್ತೇನೆ. ಹಾಗೆಯೇ, ಬೆನ್ನಿಗೆ ಔಷಧಿ ಸಿಂಪಡಿಸುವ ಪಂಪು ಹೊತ್ತು ತೋಟಕ್ಕೆ ಮರಳಬೇಕಾದ ರೈತರಿಗೆ ನಡಿಗೆಯೊಂದೇ ಸಾಲದು. ಮೂಳೆ ಕೂಡಿದ ಮೇಲೆ ಸಣ್ಣ ತೂಕದಿಂದ ಆರಂಭಿಸಿ, ಉಸಿರು ಬಿಗಿಹಿಡಿಯದೆ ಎತ್ತುವುದನ್ನು ಕಲಿಸಬೇಕಾಗುತ್ತದೆ.

ವಾರಕ್ಕೆ ಮೂರರಂತೆ ಹನ್ನೆರಡು ವಾರ, ಒಟ್ಟು 36 ಅವಧಿಗಳ ಕಾರ್ಯಕ್ರಮ ಅಮೆರಿಕದಲ್ಲಿ ರೂಢಿಯಲ್ಲಿದೆ. ಶಿರಾದಿಂದಲೋ ಹುಣಸೂರಿನಿಂದಲೋ ನಗರದ ಆಸ್ಪತ್ರೆಗೆ ಬಂದು ಹೋದವರಿಗೆ ಅಷ್ಟು ಸಲ ಬಸ್ಸು ಹತ್ತಿ ಬನ್ನಿ ಎನ್ನುವುದು ಕಾಗದದ ಮೇಲಿನ ಮಾತಷ್ಟೆ. ಭಾರತದ 24 ಆಸ್ಪತ್ರೆಗಳಲ್ಲಿ ಸುಮಾರು ನಾಲ್ಕು ಸಾವಿರ ಹೃದಯಾಘಾತ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲಿ, ಯೋಗಾಧಾರಿತ ಪುನಶ್ಚೇತನ ಪಡೆದವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದರು, ಹಿಂದಿನ ಚಟುವಟಿಕೆಗಳಿಗೂ ಹೆಚ್ಚು ಚೆನ್ನಾಗಿ ಮರಳಿದರು. ಸಾವು ಮತ್ತು ಮರು ಆಘಾತಗಳಲ್ಲಿ ಮಾತ್ರ ಸ್ಪಷ್ಟ ವ್ಯತ್ಯಾಸ ಸಿದ್ಧವಾಗಲಿಲ್ಲ. ಯೋಗ ಬಲ್ಲವರು ಅದನ್ನು ಮಾಡಲಿ ಎಂಬುದೇ ನನ್ನ ನಿಲುವು, ಆದರೆ ಅಳೆದು ಕೊಟ್ಟ ನಡಿಗೆಯನ್ನು ಬಿಟ್ಟಲ್ಲ. ದೂರದವರನ್ನು ನಾಲ್ಕಾರು ಸಲ ಕರೆಸಿಕೊಂಡು, ಬಡಿತ ಎಣಿಸುವುದನ್ನೂ ಕಷ್ಟದ ಪಟ್ಟಿಯನ್ನೂ ಕಲಿಸಿ, ಉಳಿದದ್ದನ್ನು ಫೋನಿನಲ್ಲಿ ವಿಚಾರಿಸುವುದೇ ಸದ್ಯಕ್ಕೆ ಕೈಗೂಡುವ ದಾರಿ.

ಹಾಗೆ ಮನೆಯಲ್ಲಿ ನಡೆಯುವವರಿಗೆ ಬರೆದುಕೊಡುವ ಹಾಳೆಯಲ್ಲಿ ಇವಿಷ್ಟು ಇರುತ್ತವೆ. ಹೊಟ್ಟೆ ತುಂಬ ಉಂಡ ಮೇಲೆ ಒಂದೆರಡು ಗಂಟೆ ಬಿಟ್ಟು ನಡೆಯಬೇಕು. ಮೂರು ದಿನದಲ್ಲಿ ಎರಡು ಕಿಲೋ ತೂಕ ಏರಿದರೆ ದೇಹದಲ್ಲಿ ನೀರು ನಿಲ್ಲುತ್ತಿರಬಹುದು, ಅಂದು ನಡೆಯದೆ ವೈದ್ಯರಿಗೆ ತಿಳಿಸಬೇಕು. ನಡೆಯುವಾಗ ಎದೆ, ದವಡೆ ಅಥವಾ ತೋಳು ಹಿಡಿದಂತಾದರೆ ನಿಂತುಬಿಡಬೇಕು. ವೈದ್ಯರು ಸೂಚಿಸಿದ್ದಲ್ಲಿ ಎದೆನೋವಿಗೆ ಕೊಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಕುಳಿತುಕೊಂಡೇ ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು, ನಿಂತು ಇಟ್ಟುಕೊಂಡರೆ ಒತ್ತಡ ಇಳಿದು ಬೀಳುವ ಸಂಭವವಿದೆ. ಐದು ನಿಮಿಷದಲ್ಲಿ ಕಡಿಮೆಯಾಗದಿದ್ದರೆ ತಾವೇ ಗಾಡಿ ಓಡಿಸಿಕೊಂಡು ಹೊರಡದೆ 108ಕ್ಕೆ ಕರೆ ಮಾಡಬೇಕು.